ಕೈಯಕ್ಕ ಹೇಳದೇ ಬಿಟ್ಟ ಮಾತು

ಕೈಯಕ್ಕನಿಗೆ ಆ ಹೆಸರು ಮೊದಲು ಇಟ್ಟವರು ಯಾರು ಅಂತ ಯಾರಿಗೂ ನೆನಪಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಅವಳ ಗುರುತಿನ ಚೀಟಿಯೊಳಗೆ ತೆಪ್ಪಗೆ ಕೂತಿತ್ತು, ಅಷ್ಟೇ. ಹಲ್ಲಿನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದವರಿಗೆಲ್ಲ ಅವಳು ಕೈಯಕ್ಕ. ಶಾಲೆಯ ವ್ಯಾನ್ ಓಡಿಸುವ ಗಂಡ ಕೂಡ ಹಾಗೇ ಕರೆದು ರೇಗಿಸುತ್ತಿದ್ದ. "ಊರವರೆಲ್ಲ ನಿನ್ನ ಕೈ ಹಿಡಿದು ಪಾರಾದ್ರು, ನಾನೊಬ್ಬ ಹಿಡಿದು ಸಿಕ್ಕಿಹಾಕ್ಕೊಂಡೆ" ಅನ್ನುತ್ತಿದ್ದ. ಅವಳು ಹುಸಿಮುನಿಸು ತೋರಿಸಿದರೂ ಒಳಗೊಳಗೇ ಉಬ್ಬುತ್ತಿದ್ದಳು.

ಉಬ್ಬದೇ ಏನು ಮಾಡುತ್ತಾಳೆ ಹೇಳಿ! ಅವಳು ಆ ಕ್ಲಿನಿಕ್ಕಿಗೆ ಬಂದದ್ದು ನೆಲ ಒರೆಸಲಿಕ್ಕೆ. ಒಂದು ದಿನ ಒಳಗಿನ ಕುರ್ಚಿಯಲ್ಲಿ ಯಾರೋ ಹೆಂಗಸು ಕೊರಳು ಹರಿಯುವ ಹಾಗೆ ಕಿರುಚಿದಾಗ ಇವಳು ಒರೆಸುವ ಕೋಲು ಬಿಸಾಕಿ ಒಳಗೆ ನುಗ್ಗಿ ಆ ಹೆಂಗಸಿನ ಕೈ ಹಿಡಿದುಕೊಂಡಳು. "ನನ್ನ ಮುಖ ನೋಡಿ, ನನ್ನ ಮುಖ ಮಾತ್ರ ನೋಡಿ" ಅಂದಳು. ಆ ಹೆಂಗಸು ನೋಡಿದಳು, ಹಲ್ಲು ಕಿತ್ತು ಬಂತು. ಆಗಿದ್ದ ದೊಡ್ಡ ಡಾಕ್ಟ್ರು ಕನ್ನಡಕದ ಮೇಲಿನಿಂದ ಇವಳನ್ನು ನೋಡಿ, "ನಾಳೆಯಿಂದ ಪೊರಕೆ ಬೇರೆಯವರು ಹಿಡೀಲಿ. ನೀನು ಕೈ ಹಿಡಿಯಮ್ಮ" ಅಂದರು. ಅವತ್ತಿನಿಂದ ಅವಳು ಕುರ್ಚಿಯ ಎಡಗಡೆ ನಿಂತವಳು ಅಲ್ಲಿಂದ ಕದಲಲಿಲ್ಲ.

ಉಳಿದ ಕೆಲಸವನ್ನೂ ಕಲಿತಳು ಬಿಡಿ. ಉಗುಳು ಎಳೆಯುವ ಕೊಳವೆ ಹಿಡಿಯುವುದು, ಹಲ್ಲಿಗೆ ತುಂಬುವ ಸಿಮೆಂಟು ಕಲಸುವುದು, ಚಿಮಟ, ಕನ್ನಡಿ ಕುದಿಸಿ ಒಣಗಿಸಿ ಜೋಡಿಸುವುದು, ಎಲ್ಲ. ಆದರೆ ಅವಳ ನಿಜವಾದ ಕೆಲಸ ಆ ಎಡಗೈಯದು. ಹೆದರಿದವರ ಅಂಗೈಯೊಳಗೆ ತನ್ನ ಅಂಗೈ ಇಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ, ಬಾಯಿಗೆ ಬಂದದ್ದು ಮಾತಾಡುತ್ತಿದ್ದಳು. ಪಕ್ಕದ ಮನೆ ಬೆಕ್ಕು, ಗಂಡನ ಗೊರಕೆ, ತನ್ನ ಮದುವೆಯ ದಿನ ಚಪ್ಪಲಿ ಕಳೆದುಹೋದದ್ದು. ಅವರು ನಗಬೇಕೋ ಅಳಬೇಕೋ ಅಂತ ಯೋಚಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. "ನಮ್ಮಲ್ಲಿ ಮತ್ತು ಬರಿಸೋ ಔಷಧಿ ಇಲ್ಲ, ಕೈಯಕ್ಕ ಇದ್ದಾಳೆ" ಅಂತ ದೊಡ್ಡ ಡಾಕ್ಟ್ರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಎಲ್ಲರಿಗೂ ಆ ಕೈ ಒಗ್ಗುತ್ತಿತ್ತು ಅಂತಲ್ಲ. ಎದುರು ಬೀದಿಯ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವ ಒಬ್ಬ ಹೆಂಗಸು ಬಂದಿದ್ದಳು. ಮುಂದಿನ ಹಲ್ಲು ಎರಡು ಹುಳುಕು ಬಿದ್ದು ಕಪ್ಪಾಗಿದ್ದವು. ಕುರ್ಚಿಯಲ್ಲಿ ಕೂತಳು, ಕೈಯಕ್ಕನ ಕೈಯನ್ನೂ ಹಿಡಿದಳು, ದೀಪ ಹಾಕಿದ್ದೇ ತಡ ಎದ್ದು "ನಾಳೆ ಬರ್ತೀನಿ" ಅಂತ ಹೋದಳು. ಆ ನಾಳೆ ಇನ್ನೂ ಬಂದಿಲ್ಲ. ಈಗಲೂ ಅವಳು ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ. ಕೈಯಕ್ಕ ಅದನ್ನು ಕಂಡಾಗೆಲ್ಲ, "ಕೆಲವರ ಹಣೆಬರಹವೇ ಪುಕ್ಕಲು" ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟು ಮುಂದೆ ಹೋಗುತ್ತಿದ್ದಳು.

ಆಮೇಲೆ ದೊಡ್ಡ ಡಾಕ್ಟ್ರ ಕೈ ನಡುಗಲು ಶುರುವಾಯಿತು. ಅವರು ಮನೆಯಲ್ಲಿ ಕೂತರು, ಮಗಳು ಕ್ಲಿನಿಕ್ಕಿಗೆ ಬಂದಳು. ಎಲ್ಲರೂ ಅವಳನ್ನು ಚಿಕ್ಕ ಡಾಕ್ಟ್ರು ಅಂದರು. ಒಳ್ಳೆಯ ಹುಡುಗಿ, ಗರ್ವ ಇಲ್ಲ, ಕೈಯಕ್ಕನನ್ನು "ಅಕ್ಕ, ಅಕ್ಕ" ಅಂತಲೇ ಮಾತಾಡಿಸುತ್ತಿದ್ದಳು. ಬಂದ ಸ್ವಲ್ಪ ದಿನಕ್ಕೇ ಪಕ್ಕದ ಕೋಣೆಗೆ ಚಕ್ರದ ಗಾಡಿಯ ಮೇಲೆ ಎರಡು ಸಿಲಿಂಡರು, ಒಂದು ಮೀಟರು, ಮೂಗಿಗೆ ಇಡುವ ಮೆತ್ತನೆ ಮುಚ್ಚಳ, ಇಷ್ಟೆಲ್ಲ ಇರುವ ಒಂದು ಯಂತ್ರ ಬಂತು.

ಚಿಕ್ಕ ಡಾಕ್ಟ್ರು ಕೈಯಕ್ಕನನ್ನು ಕೂರಿಸಿಕೊಂಡು ವಿವರಿಸಿದಳು. "ಹೆದರೋರಿಗೆ ಮೂರು ದಾರಿ ಇದೆ ಅಕ್ಕ. ಒಂದು ಈ ಗ್ಯಾಸ್. ಮೂಗಲ್ಲಿ ಎಳ್ಕೊಂಡ್ರೆ ಮೈ ಹಗುರ ಆಗತ್ತೆ, ಎಚ್ಚರ ಇರತ್ತೆ, ಕೆಲಸ ಮುಗಿದ ಸ್ವಲ್ಪ ಹೊತ್ತಿಗೆ ಇಳಿದುಹೋಗತ್ತೆ. ಎರಡನೇದು ಮಾತ್ರೆ. ಮೊದಲೇ ತಗೊಂಡು ಬರಬೇಕು, ಮಂಪರು ಬರತ್ತೆ, ಜೊತೆಗೆ ಯಾರಾದ್ರೂ ಇರಲೇಬೇಕು, ಅವತ್ತು ಗಾಡಿ ಗೀಡಿ ಮುಟ್ಟೋ ಹಾಗಿಲ್ಲ. ಮೂರನೇದು ನರಕ್ಕೆ ಕೊಡೋ ಔಷಧಿ. ಅದು ಇಲ್ಲಿ ಬೇಡ, ಅದಕ್ಕೇ ಅಂತ ಬೇರೆ ಡಾಕ್ಟ್ರು ಇರೋ ದೊಡ್ಡಾಸ್ಪತ್ರೆಗೆ ಕಳಿಸೋಣ. ಜನ ನನ್ನ ಹತ್ರ ಹೆದರಿಕೆ ಅಂತ ಬಾಯಿ ಬಿಡಲ್ಲ. ನಿಮ್ಮ ಹತ್ರ ಬಿಡ್ತಾರೆ. ಹೊರಗೆ ಕಾಯ್ತಿರುವಾಗ್ಲೇ ನೀವು ಇದನ್ನ ಹೇಳಿಬಿಡಿ, ಯಾವುದು ಬೇಕೋ ಅವರೇ ಆರಿಸ್ಕೊಳ್ಳಲಿ."

"ಆಗ್ಲಿ ಡಾಕ್ಟ್ರೇ" ಅಂದಳು ಕೈಯಕ್ಕ. ಇಷ್ಟು ವರ್ಷ ಈ ಕೈ ಮಾಡಿದ್ದನ್ನು ಆ ಡಬ್ಬ ಮಾಡುತ್ತದಂತೆ! ಅದೂ ತನ್ನ ಬಾಯಿಂದಲೇ ಅದರ ಗುಣಗಾನ ಆಗಬೇಕಂತೆ!

ಅವಳು ಸುಳ್ಳು ಹೇಳಲಿಲ್ಲ, ಮೊದಮೊದಲು. ಹೇಳುವ ರೀತಿಯಲ್ಲೇ ಕೈಚಳಕ ತೋರಿಸಿದಳು. "ಗ್ಯಾಸ್ ಅಂತ ಒಂದು ಬಂದಿದೆ, ಆದ್ರೆ ಅದೆಲ್ಲ ತೀರಾ ಮೈಮೇಲೆ ಎಚ್ಚರ ಇಲ್ಲದೆ ಒದ್ದಾಡೋರಿಗೆ. ನಿಮಗ್ಯಾಕೆ?" ಅನ್ನುತ್ತಿದ್ದಳು. ತಾವು ಒದ್ದಾಡುವವರು ಅಂತ ಯಾರು ಒಪ್ಪುತ್ತಾರೆ? "ಬೇಡ ಬೇಡ" ಅನ್ನುತ್ತಿದ್ದರು. ಒಳಗೆ ಹೋಗಿ "ಬೇಡವಂತೆ ಡಾಕ್ಟ್ರೇ" ಅನ್ನುತ್ತಿದ್ದಳು. ಬರುಬರುತ್ತ ಆ ಹೆಸರೆತ್ತುವುದನ್ನೂ ಬಿಟ್ಟಳು. ಯಂತ್ರದ ಮೇಲೆ ಧೂಳು ಕೂರಬಾರದು ಅಂತ ತಾನೇ ಒಂದು ಹಳೆಯ ಬಟ್ಟೆ ಹೊದಿಸಿದಳು. ಚಿಕ್ಕ ಡಾಕ್ಟ್ರು ಒಂದೆರಡು ಸಲ ಆ ಬಟ್ಟೆ ನೋಡಿ, "ಇಲ್ಲಿನವರಿಗೆ ಇದು ಬೇಡವೇನೋ, ವಾಪಸ್ ಕಳಿಸೋದೇ ವಾಸಿ" ಅಂದಾಗ ಕೈಯಕ್ಕ ಚಿಮಟ ಒರೆಸುತ್ತ ನಿಂತಿದ್ದಳು. ಒಳಗೆ ಖುಷಿಯೇ ಆಗಿತ್ತು.

ಆಗ ಬಂದವನು ಗಾಜು ಒರೆಸುವವನು.

ದೊಡ್ಡ ದೊಡ್ಡ ಕಟ್ಟಡಗಳ ಹೊರಗಿನ ಗಾಜು ತೊಳೆಯುವುದು ಅವನ ಕಸುಬು. ತಾರಸಿಯಿಂದ ಹಗ್ಗ ಇಳಿಬಿಟ್ಟು, ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಪಕ್ಕದಲ್ಲಿ ಬಕೆಟ್ಟು ತೂಗಿಸಿಕೊಂಡು ಇಳಿಯುತ್ತಾನೆ. ಕೆಳಗೆ ನಿಂತು ನೋಡಿದವರ ಕಾಲೇ ನಡುಗಬೇಕು, ಹಾಗಿರುತ್ತದೆ. ಅಂಥವನು ಆ ದಿನ ಕಾಯುವ ಬೆಂಚಿನ ತುದಿಯಲ್ಲಿ ಕೂತು ಎರಡು ಮೊಣಕಾಲನ್ನೂ ಕೈಯಿಂದ ಒತ್ತಿ ಹಿಡಿದಿದ್ದ. ದವಡೆ ಹಲ್ಲಿನ ಬೇರಿನವರೆಗೆ ಹುಳುಕು ಇಳಿದಿತ್ತು, ಒಳಗಿನ ನರ ತೆಗೆದು ತುಂಬಬೇಕಿತ್ತು.

ಅವನು ಅತ್ತಿತ್ತ ನೋಡಿ, ಧ್ವನಿ ತಗ್ಗಿಸಿ ಕೇಳಿದ. "ಅಕ್ಕ, ಒಂದು ಮಾತು ಕೇಳ್ಲಾ? ನಗಬಾರದು. ಇದಕ್ಕೆ ಹೆದರಿಕೆ ಆಗದ ಹಾಗೆ ಏನಾದ್ರೂ ಕೊಟ್ಟು ಮಾಡೋದು ಇದ್ಯಾ?"

ಕೇಳಿದ್ದ. ಅವನಾಗಿ ಬಾಯಿಬಿಟ್ಟು ಕೇಳಿದ್ದ. ಇದನ್ನು ನಾನು ಎರಡು ಸಲ ಹೇಳುತ್ತಿರುವುದು ಸುಮ್ಮನೆ ಅಲ್ಲ. ಆಮೇಲೆ ಕೈಯಕ್ಕ ಎಷ್ಟು ಹೊರಳಾಡಿದರೂ ಬಿಡದೆ ಕಾಡಿದ್ದು ಇದೇ.

ಕೈಯಕ್ಕ ನಕ್ಕೇಬಿಟ್ಟಳು. "ಅಯ್ಯೋ ನಿಮ್ಮ! ಆಕಾಶದಲ್ಲಿ ನೇತಾಡೋ ಗಂಡಸು, ಈ ಕುರ್ಚಿಗೆ ಹೆದರ್ತೀರಾ? ಇಷ್ಟಿಷ್ಟು ಮಕ್ಕಳು ಬಂದು ಮಾಡಿಸ್ಕೊಂಡು ಹೋಗ್ತಾರೆ. ಏನೂ ಬೇಡ, ನಾನಿದೀನಲ್ಲ, ಬನ್ನಿ."

ಅವನೂ ನಕ್ಕ. ಕಿವಿ ಕೆಂಪಾಗಿತ್ತು. "ಹೌದಲ್ಲ, ನಂದೊಂದು" ಅಂದ. ಒಳಗೆ ಚಿಕ್ಕ ಡಾಕ್ಟ್ರು ಕೈಗವಸು ಹಾಕಿಕೊಳ್ಳುತ್ತ, "ಗ್ಯಾಸ್ ವಿಷಯ ಹೇಳಿದ್ರಾ ಅಕ್ಕ?" ಅಂತ ಕೇಳಿದಳು. "ಹೇಳ್ದೆ ಡಾಕ್ಟ್ರೇ. ಬೇಡವಂತೆ" ಅಂದಳು ಕೈಯಕ್ಕ. ಅಷ್ಟು ಸಲೀಸಾಗಿ ಅಂದಳು.

ಸೂಜಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅವನು ಅವಳ ಕೈ ಹಿಡಿದಿದ್ದ, ಅವಳು ಬೆಕ್ಕಿನ ಕಥೆ ಶುರು ಮಾಡಿದ್ದಳು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಕೊರೆಯುವ ಯಂತ್ರ ಗುಂಯ್ ಅಂದ ಕೂಡಲೇ ಅವನ ಎದೆ ಏರಿಳಿಯತೊಡಗಿತು. ಉಸಿರು ಸಿಕ್ಕದವನ ಹಾಗೆ ಕಣ್ಣು ಅಗಲವಾಯಿತು. "ಏನಾಗಲ್ಲ, ಏನಾಗಲ್ಲ, ನನ್ನ ಮುಖ ನೋಡಿ" ಅನ್ನುತ್ತಲೇ ಇದ್ದಳು ಕೈಯಕ್ಕ. ಅವನು ಮುಖ ನೋಡಲಿಲ್ಲ. ಹಗ್ಗ ಹಿಡಿದು ಜಡ್ಡುಗಟ್ಟಿದ ಆ ಕೈ ಅವಳ ಕೈಯನ್ನು ಹಿಂಡಿತು. ಬೆರಳಿನ ಗಂಟು ಲಟಕ್ ಅಂದದ್ದು ಡಾಕ್ಟ್ರಿಗೂ ಕೇಳಿಸಿತು. ಮರುಗಳಿಗೆಯಲ್ಲಿ ಅವನು ದೀಪ ತಳ್ಳಿ, ರಬ್ಬರ್ ಹಾಳೆ ಕಿತ್ತು, ಕೊರಳಿಗೆ ಕಟ್ಟಿದ್ದ ಹಸಿರು ಬಟ್ಟೆಯ ಸಮೇತ ಮೆಟ್ಟಿಲಿಳಿದು ಓಡಿಹೋಗಿದ್ದ. ಹಲ್ಲು ಅರ್ಧ ಕೊರೆದು ತೆರೆದಂತೆಯೇ ಉಳಿಯಿತು.

ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇನ್ನು ಕೈಯಕ್ಕನ ಬೆರಳಿಗೆ ಸಿಕ್ಕ ಮರ್ಯಾದೆ ಕೇಳಿ. ಚಿಕ್ಕ ಡಾಕ್ಟ್ರು ತಾನೇ ಪಟ್ಟಿ ಕಟ್ಟಿದಳು, "ಪಾಪ, ನಿಮ್ಮ ಬೆರಳು! ಗ್ಯಾಸ್ ಬೇಡ ಅಂದುಬಿಟ್ರಲ್ಲ ಆ ಮನುಷ್ಯ, ತಗೊಂಡಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ" ಅಂದಳು. ಹಳೆಯ ಗಿರಾಕಿಗಳು ಹಣ್ಣು ತಂದುಕೊಟ್ಟರು. ಮನೆಯಲ್ಲಿ ಗಂಡ ಅಡುಗೆಗೆ ನಿಂತ, ಕಿತ್ತಳೆ ಸುಲಿದು ಎಳೆ ತೆಗೆದು ತಟ್ಟೆಗಿಟ್ಟ.

"ತಪ್ಪು ನಂದೇ ಕಣ್ರೀ" ಅಂದಳು ಕೈಯಕ್ಕ, ಮೆಲ್ಲಗೆ.

"ನೋಡು, ಬೆರಳು ಮುರಿಸ್ಕೊಂಡೂ ತಪ್ಪು ನಂದೇ ಅಂತೀಯಲ್ಲ! ನಿನ್ನ ಒಳ್ಳೇತನವೇ ನಿನಗೆ ಮುಳುವು" ಅಂದ ಗಂಡ. ಕೈಯಕ್ಕ ಒಂದು ತೊಳೆ ಎತ್ತಿ ಬಾಯಿಗಿಟ್ಟುಕೊಂಡಳು.

ಚಿಕ್ಕ ಡಾಕ್ಟ್ರು ಅವನಿಗೆ ಫೋನ್ ಮಾಡುತ್ತಲೇ ಇದ್ದಳು. ಅವನು ಎತ್ತಲಿಲ್ಲ. "ತೆರೆದ ಹಲ್ಲು ಅಕ್ಕ, ಕೀವು ತುಂಬಿದ್ರೆ ದವಡೆಗೆ ಇಳಿಯತ್ತೆ" ಅಂತ ಪೇಚಾಡುತ್ತಿದ್ದಳು. ಕೈಯಕ್ಕ ಆಗಲೂ ಬಾಯಿಬಿಡಲಿಲ್ಲ. ಇವತ್ತು ಹೇಳೋಣ ಅಂತ ಬೆಳಿಗ್ಗೆ ಹೊರಡುವಳು; ಸಂಜೆ ಬಾಗಿಲಿಗೆ ಬೀಗ ಹಾಕುವಾಗ ನಾಳೆ ಹೇಳೋಣ ಅನ್ನುವಳು. ಪಟ್ಟಿ ಕಟ್ಟಿದ ಬೆರಳು ಸುಮ್ಮನಿದ್ದರೂ ಒಳಗೆ ಏನೋ ಜುಂ ಅನ್ನುತ್ತಿತ್ತು. ಕೈಯೇನೋ ವಾಸಿಯಾಗುತ್ತದೆ, ಆ ಹಲ್ಲು?

ವಾರ ಕಳೆದ ಮೇಲೆ ಅವನ ಹೆಂಡತಿ ಬಂದಳು. ಕೈಯಲ್ಲಿ ಒಂದು ಚೀಲ. ಅದರಿಂದ ಹಸಿರು ಬಟ್ಟೆ ತೆಗೆದು ಕೊಟ್ಟಳು. ಒಗೆದು, ಇಸ್ತ್ರಿ ಮಾಡಿ, ನೀಟಾಗಿ ಮಡಿಸಿತ್ತು. ಆಮೇಲೆ ಒಂದು ಮುಲಾಮಿನ ಟ್ಯೂಬು. "ನಿಮ್ಮ ಬೆರಳಿಗೆ ಅಂತ ಕೊಟ್ಟು ಕಳಿಸಿದ್ದಾರೆ ಅಕ್ಕ. ಹಗ್ಗದ ಕೆಲಸದಲ್ಲಿ ಕೈ ಉಳುಕಿದ್ರೆ ಇದನ್ನೇ ಹಚ್ಕೊಳ್ಳೋದು, ಒಳ್ಳೇದಿದೆಯಂತೆ. ಅವರೇ ಬಂದು ಕ್ಷಮೆ ಕೇಳ್ಬೇಕಿತ್ತು, ನಿಮಗೆ ಮುಖ ತೋರಿಸೋಕೆ ಆಗಲ್ಲ ಅಂತಾರೆ."

ಕೈಯಕ್ಕ ಟ್ಯೂಬನ್ನು ಹಿಡಿದುಕೊಂಡೇ ಕೇಳಿದಳು. "ಹಲ್ಲು ಹೇಗಿದೆಯಮ್ಮ?"

"ಕೆನ್ನೆ ಊದಿ ಕಣ್ಣಿನ ತನಕ ಬಂದಿದೆ. ನೋವಿನ ಮಾತ್ರೆ ನುಂಗ್ಕೊಂಡು ಕೂತಿದ್ದಾರೆ. ಬನ್ನಿ ಅಂದ್ರೆ ಬರಲ್ಲ." ಅವಳು ಸೆರಗಿನ ತುದಿ ಸುರುಳಿ ಸುತ್ತಿದಳು. "ಕೆಲಸಕ್ಕೂ ಹೋಗ್ತಿಲ್ಲ ಅಕ್ಕ. ಹೋದ್ರೂ ಹಗ್ಗ ಮುಟ್ಟಲ್ಲವಂತೆ, ಕೆಳಗೆ ನಿಂತು ಬಕೆಟ್ಟು ತುಂಬಿಸ್ತೀನಿ ಅಂತ ಮೇಸ್ತ್ರಿಗೆ ಹೇಳಿಬಿಟ್ಟಿದ್ದಾರೆ. ಒಂದು ಕುರ್ಚಿಗೆ ಹೆದರಿ ಓಡಿಬಂದೋನು ನಾಳೆ ಮೇಲೆ ಹೆದರಿದ್ರೆ ಎಲ್ಲಿಗೆ ಓಡ್ಲಿ ಅಂತಾರೆ. ಅವರ ಮೇಲೆ ಅವರಿಗೇ ನಂಬಿಕೆ ಹೋಗಿದೆ."

ಕುರ್ಚಿಯ ಆ ಮಾತು ಕೈಯಕ್ಕನದ್ದೇ. ಅವಳೇ ನಕ್ಕು ಅವನ ತಲೆಗೆ ಹಾಕಿ ಕಳಿಸಿದ್ದ ಮಾತು. ಅದನ್ನು ಅವನು ಮನೆಗೆ ಹೊತ್ತುಕೊಂಡು ಹೋಗಿ, ತನ್ನ ಕಸುಬನ್ನೇ ಕೆಳಗಿಳಿಸಿ ಕೂತಿದ್ದ. ಇತ್ತ ಇವಳು ಕಿತ್ತಳೆ ತಿನ್ನುತ್ತಿದ್ದಳು!

"ನಾನೇ ಬರ್ತೀನಿ, ಮನೆ ಎಲ್ಲಿ ಹೇಳು" ಅಂದಳು.

ಸಂಜೆ ಕ್ಲಿನಿಕ್ಕಿನ ಕೆಲಸ ಮುಗಿಸಿ ಹೋದಳು. ಕಿರಿದಾದ ಮೆಟ್ಟಿಲು, ಒಂದರ ಮೇಲೊಂದು ಮನೆ, ಎರಡೇ ಕೋಣೆ. ಗೋಡೆಯ ಮೊಳೆಗೆ ಅವನ ಹಗ್ಗ ಸುರುಳಿ ಸುತ್ತಿ ನೇತುಹಾಕಿತ್ತು, ಕೊಕ್ಕೆಗಳೆಲ್ಲ ಒರೆಸಿ ಹೊಳೆಯುತ್ತಿದ್ದವು. ಅವನು ಅದಕ್ಕೆ ಬೆನ್ನು ಹಾಕಿ ಕೂತಿದ್ದ, ಗಲ್ಲದಿಂದ ನೆತ್ತಿಯವರೆಗೆ ಟವೆಲ್ ಕಟ್ಟಿಕೊಂಡು. ಕೈಯಕ್ಕನನ್ನು ನೋಡಿದ್ದೇ ಗಡಬಡಿಸಿ ಎದ್ದ.

"ಅಕ್ಕ, ನೀವ್ಯಾಕೆ ಬರೋಕೆ ಹೋದ್ರಿ? ಬೆರಳು ಹೇಗಿದೆ? ಬೇಕು ಅಂತ ಮಾಡ್ಲಿಲ್ಲ ಅಕ್ಕ, ನನಗೆ ಏನಾಯ್ತು ಅಂತಲೇ ಗೊತ್ತಾಗ್ಲಿಲ್ಲ. ಅಷ್ಟು ಪ್ರೀತಿಯಿಂದ ಕೈ ಹಿಡಿದಿದ್ರಿ, ಆ ಕೈಯನ್ನೇ..." ಊದಿದ ಬಾಯಲ್ಲಿ ಮಾತು ಹೊರಳುತ್ತಿರಲಿಲ್ಲ, ಕಣ್ಣು ಮಾತ್ರ ತುಂಬಿತ್ತು.

ಕೈಯಕ್ಕ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿಗೋ ಹಾರಿಹೋದವು. ಅವನು ಕ್ಷಮೆ ಕೇಳಿದ್ದನ್ನು ಹಾಗೇ ಇಟ್ಟುಕೊಂಡು, "ಇರಲಿ ಬಿಡಪ್ಪ, ಡಾಕ್ಟ್ರ ಹತ್ರ ಬಾ, ಗ್ಯಾಸ್ ಅಂತ ಹೊಸದೊಂದು ಬಂದಿದೆ" ಅಂತ ಹೇಳಿ ಕರೆದುಕೊಂಡು ಹೋಗಿಬಿಡಬಹುದಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂತು, ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾಲಿಗೆಯ ತುದಿಯವರೆಗೂ ಬಂತು. ಆಗ ಅವನ ತಲೆಯ ಹಿಂದೆ ಆ ಹಗ್ಗ ಕಂಡಿತು.

"ನೀವು ಕ್ಷಮೆ ಕೇಳ್ಬೇಡಿ" ಅಂದಳು. "ಅವತ್ತು ಬೆಂಚಿನ ಮೇಲೆ ನೀವು ಕೇಳಿದ್ರಲ್ಲ, ಹೆದರಿಕೆ ಆಗದ ಹಾಗೆ ಏನಾದ್ರೂ ಇದ್ಯಾ ಅಂತ. ಇತ್ತು."

ಅವನಿಗೆ ಅರ್ಥವಾಗಲಿಲ್ಲ. "ಏನಿತ್ತು?"

"ಮೂಗಿಗೆ ಹಾಕೋ ಗ್ಯಾಸ್. ನಿಮ್ಮಂಥವರಿಗೆ ಅಂತಲೇ ತರಿಸಿದ್ದು. ಮಾತ್ರೆಯೂ ಇತ್ತು. ನಿಮಗೆ ಹೇಳು ಅಂತ ಡಾಕ್ಟ್ರು ನನಗೆ ಹೇಳಿದ್ರು. ನಾನು ಹೇಳ್ಲಿಲ್ಲ. ಒಳಗೆ ಹೋಗಿ, ಅವರಿಗೆ ಬೇಡವಂತೆ ಅಂದೆ."

"ನಾನು ಕೇಳಿದಾಗ್ಲೇ ಇತ್ತಾ?"

"ಪಕ್ಕದ ಕೋಣೆಯಲ್ಲೇ ಇತ್ತು. ಬಟ್ಟೆ ಹೊದಿಸಿ ಇಟ್ಟಿದ್ದೆ."

ಹೆಂಡತಿ ಒಳಗಿನಿಂದ ಕೈಯಕ್ಕನಿಗೆ ಅಂತ ಚಹಾದ ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. "ಯಾಕಕ್ಕ?" ಅಂತ ಕೇಳಿದ್ದು ಅವಳೇ.

"ಅದು ಬಂದ್ರೆ ನನ್ನ ಕೈ ಯಾರಿಗೂ ಬೇಡವಾಗತ್ತೆ ಅಂತ" ಅಂದಳು ಕೈಯಕ್ಕ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅಷ್ಟು ಸಣ್ಣ ಕಾರಣ! ಇಷ್ಟು ದಿನ ಒಳಗೆ ಬೆಟ್ಟದ ಹಾಗೆ ಕೂತಿದ್ದದ್ದು ಹೊರಗೆ ಬಂದಾಗ ಹಿಡಿಯಷ್ಟೂ ಇರಲಿಲ್ಲ.

ಹೆಂಡತಿ ಲೋಟ ಹಿಡಿದುಕೊಂಡು ಹಾಗೇ ಒಳಗೆ ಹೋದಳು. ಒಳಗೆ ಚಹಾ ಬಚ್ಚಲಿಗೆ ಸುರಿದ ಸದ್ದು ಕೇಳಿಸಿತು.

ಗಾಜು ಒರೆಸುವವನು ಬೈಯುತ್ತಾನೆ ಅಂತ ಕೈಯಕ್ಕ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಒಳಗಿನ ಕೋಣೆಯ ಕಡೆ ತಿರುಗಿ ಕೂಗಿ ಕೇಳಿದ, "ಕೇಳಿಸ್ತೇನೇ? ನನ್ನಂಥವರು ಬೇಕಾದಷ್ಟು ಜನ ಇದ್ದಾರಂತೆ. ಅದಕ್ಕೆ ಅಂತಲೇ ಮಿಷನ್ ಮಾಡಿದ್ದಾರಂತೆ." ಆಮೇಲೆ ಕೈಯಕ್ಕನ ಕಡೆ ತಿರುಗಿ, ಶಾಲೆಯ ಹುಡುಗನ ಹಾಗೆ ಕೇಳಿದ, "ಹಾಗಾದ್ರೆ ನಾನು ಹೇಡಿ ಅಲ್ವಾ ಅಕ್ಕ?"

ಕೈಯಕ್ಕ "ಅಲ್ಲಪ್ಪ" ಅಂದಳು. "ನಾಳೆಯೇ ಬನ್ನಿ" ಅಂತ ಸೇರಿಸಿದಳು.

ಮರುದಿನ ಬೆಳಿಗ್ಗೆ, ಯಾರೂ ಬರುವ ಮೊದಲೇ, ಚಿಕ್ಕ ಡಾಕ್ಟ್ರ ಮುಂದೆ ನಿಂತು ಅದನ್ನೇ ಹೇಳಿದಳು. ಒಮ್ಮೆ ಹೇಳಿದ ಮಾತು ಎರಡನೇ ಸಲ ಸುಲಭವಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ಚಿಕ್ಕ ಡಾಕ್ಟ್ರು ಪೂರ್ತಿ ಕೇಳಿದಳು. ಎದ್ದು ಹೋಗಿ ಯಂತ್ರದ ಮೇಲಿನ ಬಟ್ಟೆ ತೆಗೆದು ಮಡಿಸಿ ಇಟ್ಟಳು. ಆಮೇಲೆ ಕೇಳಿದಳು, "ಎಷ್ಟು ಜನಕ್ಕೆ ಅಕ್ಕ?"

"ಏನು ಡಾಕ್ಟ್ರೇ?"

"ಇವರೊಬ್ಬರಿಗೇನಾ, ಇನ್ನೂ ಎಷ್ಟು ಜನಕ್ಕೆ ಹೀಗೆ ಮಾಡಿದ್ರಿ?"

ಕೈಯಕ್ಕನಿಗೆ ಆ ಕ್ಷಣದವರೆಗೂ ಅದು ಹೊಳೆದಿರಲಿಲ್ಲ ಅಂದರೆ ನಂಬಿ. ಅವಳ ತಪ್ಪಿಗೆ ಒಂದೇ ಮುಖವಿತ್ತು, ಊದಿದ ಕೆನ್ನೆಯದು. ಈಗ ಸಾಲಾಗಿ ಮುಖಗಳು ಬಂದವು. ಅರ್ಧಕ್ಕೆ ಎದ್ದು ಹೋದವರು, ಬೆವರಿ ಒದ್ದೆಯಾಗಿ ಮುಗಿಸಿಕೊಂಡು ಮತ್ತೆ ಈ ಕಡೆ ತಲೆ ಹಾಕದವರು, ಹಲ್ಲು ಕೆಟ್ಟರೂ ಸರಿ ಇನ್ನೊಂದು ಸಲ ಬೇಡ ಅಂದವರು, ಯಂತ್ರ ಬಂದ ಮೇಲೂ ಯಾರೂ ಕರೆದು ಹೇಳದೆ ಬಾಯಿಗೆ ಅಂಗೈ ಅಡ್ಡ ಹಿಡಿದೇ ಇದ್ದ ಅಂಚೆ ಕಚೇರಿಯವಳು. ಅವರನ್ನೆಲ್ಲ ಪುಕ್ಕಲರು ಅಂತ ಅವಳು ಮರೆತುಬಿಟ್ಟಿದ್ದಳು. ಲೆಕ್ಕ ಎಲ್ಲಿಂದ ತರಲಿ?

ಕೆಲಸ ಬಿಡು ಅಂದಿದ್ದರೆ ಹೊರಟುಬಿಡುತ್ತಿದ್ದಳು. ಚಿಕ್ಕ ಡಾಕ್ಟ್ರು ಹಾಗನ್ನಲಿಲ್ಲ. "ಇವತ್ತಿಂದ ನೀವು ಹೊರಗೆ ಅವರಿಗೆ ಹೇಳುವಾಗ ನಾನೂ ಬಂದು ಪಕ್ಕದಲ್ಲಿ ನಿಂತಿರ್ತೀನಿ" ಅಂದಳು, ಅಷ್ಟೇ. ಮೊದಲಿನ ಹಾಗೆ "ಅಕ್ಕ" ಅಂತ ಸೇರಿಸಲಿಲ್ಲ.

ಗಾಜು ಒರೆಸುವವನು ಅವತ್ತೇ ಬಂದ, ಹೆಂಡತಿ ಜೊತೆಗೆ. ಮೊದಲು ಕೀವು ತೆಗೆಯಬೇಕಿತ್ತು, ಊತ ಇಳಿಯಲು ಔಷಧಿ ಕೊಡಬೇಕಿತ್ತು. ಅದೆಲ್ಲ ಆಗಿ, ಕೆನ್ನೆ ಮಾಮೂಲಿಗೆ ಬಂದ ಮೇಲೆ, ಹಲ್ಲು ಮುಗಿಸಲು ಮತ್ತೆ ಬಂದ. ಅದೇ ಬೆಂಚು. ಕೈಯಕ್ಕ ಎದುರು ಕೂತಳು, ಚಿಕ್ಕ ಡಾಕ್ಟ್ರು ಬಾಗಿಲಿಗೆ ಒರಗಿ ನಿಂತಳು. ಪಾಠ ಒಪ್ಪಿಸುವ ಹಾಗೆ ಕೈಯಕ್ಕ ಒಂದೊಂದೇ ಹೇಳಿದಳು. ಗ್ಯಾಸಿನಲ್ಲಿ ಹೇಗಾಗುತ್ತದೆ, ಮಾತ್ರೆಯಾದರೆ ಅವತ್ತು ಹಗ್ಗ ಯಾಕೆ ಮುಟ್ಟಬಾರದು, ದೊಡ್ಡಾಸ್ಪತ್ರೆಯ ದಾರಿ ಯಾರಿಗೆ, ಮೂಗು ಕಟ್ಟಿದ್ದರೆ ಗ್ಯಾಸ್ ಯಾಕೆ ಕೆಲಸ ಮಾಡುವುದಿಲ್ಲ. "ಇದ್ಯಾವುದೂ ಬೇಡ ಅಂದ್ರೂ ಸರಿ, ಬೇಕು ಅಂದ್ರೂ ಸರಿ" ಅಂತ ಕೊನೆಗೆ ಸೇರಿಸಿದಳು.

"ನೀವಾಗಿದ್ರೆ ಯಾವುದು ತಗೋತಿದ್ರಿ?" ಅವನು ಕೇಳಿದ.

"ನಾನಲ್ಲವಲ್ಲ ಆ ಕುರ್ಚಿಯಲ್ಲಿ ಕೂರೋದು. ನೀವೇ ಹೇಳಿ."

"ಗ್ಯಾಸ್" ಅಂದ ಅವನು.

ಮೂಗಿನ ಮೇಲೆ ಮುಚ್ಚಳ ಇಟ್ಟರು. ಗ್ಯಾಸ್ ಬಿಟ್ಟಾಗ ಮೀಟರಿನ ಕೊಳವೆಯೊಳಗಿನ ಸಣ್ಣ ಚೆಂಡು ಮೇಲೇರಿತು. ಅವನ ಭುಜ ನಿಧಾನವಾಗಿ ಇಳಿಯಿತು, ಮುಷ್ಟಿ ಬಿಚ್ಚಿಕೊಂಡಿತು. ಕೈಯಕ್ಕ ಎಂದಿನ ಜಾಗದಲ್ಲಿ ನಿಂತಿದ್ದಳು, ಪಟ್ಟಿ ಬಿಚ್ಚಿದ್ದ ಬೆರಳು ಇನ್ನೂ ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಸೂಜಿ ಹತ್ತಿರ ಬಂದಾಗ ಅಭ್ಯಾಸಬಲದಿಂದ ಆ ಕೈ ತಾನಾಗಿ ಮುಂದೆ ಹೋಯಿತು. ಅವನು ಅದನ್ನು ನೋಡಿದ. ತನ್ನ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡು, ಮೆತ್ತಗೆ, ಸಿಟ್ಟಿಲ್ಲದ ದನಿಯಲ್ಲಿ, "ಇವತ್ತು ಬೇಡಕ್ಕ" ಅಂದ.

ಕೈಯಕ್ಕ ಕೈ ಹಿಂದೆ ತೆಗೆದುಕೊಂಡು ಉಗುಳು ಎಳೆಯುವ ಕೊಳವೆ ಹಿಡಿದಳು. ರಬ್ಬರ್ ಹಾಳೆ ಕಟ್ಟಿದರು, ಕೊರೆಯುವ ಯಂತ್ರ ಗುಂಯ್ ಅಂದಿತು. ಅವನು ಕಣ್ಣು ಮುಚ್ಚಿ ಮಲಗಿದ್ದ. ಬೆಕ್ಕಿನ ಕಥೆ ಯಾರೂ ಕೇಳಲಿಲ್ಲ. ಮುಗಿದ ಮೇಲೆ ಅವನು ಎದ್ದು ಕೂತು, "ಮೇಲಿಂದ ಇಳಿಯುವಾಗ ಮೊದಲು ಕಾಲು ಬಿಡ್ತೀವಲ್ಲ, ಹಾಗೇ ಇತ್ತು ಡಾಕ್ಟ್ರೇ, ಹಗುರ" ಅಂದ. ನಾಳೆಯಿಂದ ಹಗ್ಗಕ್ಕೆ ಹೋಗುತ್ತಾನಂತೆ. ಹೆಂಡತಿ ಚಿಕ್ಕ ಡಾಕ್ಟ್ರಿಗೆ ಕೈಮುಗಿದಳು. ಕೈಯಕ್ಕನ ಕಡೆ ನೋಡಲಿಲ್ಲ. ಅವನು ಮೆಟ್ಟಿಲ ಹತ್ತಿರ ಒಮ್ಮೆ ತಿರುಗಿ ತಲೆಯಾಡಿಸಿದ, ಇಳಿದು ಹೋದ.

ಊಟದ ಬಿಡುವಿನಲ್ಲಿ ಕೈಯಕ್ಕ ಡಬ್ಬಿ ಬಿಚ್ಚಲಿಲ್ಲ. ಏಪ್ರನ್ ಕಳಚಿ ಮೊಳೆಗೆ ಹಾಕಿ, ಬೀದಿ ದಾಟಿ ಅಂಚೆ ಕಚೇರಿಗೆ ಹೋದಳು. ಸಾಲು ಉದ್ದವಿತ್ತು. ಕೈಯಲ್ಲಿ ಪಾರ್ಸಲ್, ಲಕೋಟೆ ಹಿಡಿದವರ ನಡುವೆ ಬರಿಗೈಯಲ್ಲಿ ನಿಂತು, ಒಬ್ಬೊಬ್ಬರಾಗಿ ಮುಂದೆ ಸರಿದು ಗಾಜಿನ ಮುಂದೆ ಬಂದಳು. ಒಳಗಿದ್ದ ಹೆಂಗಸು ತಲೆಯೆತ್ತಿ ನೋಡಿ ಗುರುತು ಹಿಡಿದಳು. ಅಂಗೈ ಸರಕ್ಕನೆ ಬಾಯಿಗೆ ಅಡ್ಡ ಹೋಯಿತು.

"ಏನು ಬೇಕಿತ್ತು?" ಅಂದಳು, ಬೆರಳುಗಳ ಹಿಂದಿನಿಂದ.

"ಏನೂ ಬೇಡ. ನಿಮಗೆ ಹೇಳ್ಬೇಕಾಗಿದ್ದ ಒಂದು ಮಾತು ನನ್ನ ಹತ್ರವೇ ಉಳಿದುಬಿಟ್ಟಿದೆ. ಹೇಳೋಕೆ ಬಂದೆ."

ಆ ಹೆಂಗಸು ಕೈಯಕ್ಕನ ಬೆನ್ನ ಹಿಂದಿನ ಸಾಲು ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ಆಮೇಲೆ ಇವಳ ಮುಖ ನೋಡಿದಳು. "ಈಗ ಆಗಲ್ಲ. ಇವರೆಲ್ಲ ಮುಗೀಬೇಕು. ಕಾಯ್ತೀರಾ?"

"ಕಾಯ್ತೀನಿ" ಅಂದಳು ಕೈಯಕ್ಕ. ಪಕ್ಕಕ್ಕೆ ಸರಿದು ಗೋಡೆಗೆ ಹಾಕಿದ್ದ ಬೆಂಚಿನ ತುದಿಯಲ್ಲಿ ಕೂತು, ಎರಡು ಮೊಣಕಾಲನ್ನೂ ಕೈಯಿಂದ ಒತ್ತಿ ಹಿಡಿದುಕೊಂಡಳು.